ಮಸಾಯಿ ಹಟ್ಟಿಯಲ್ಲಿ ಮನೆ ಕಟ್ಟುವವರು

ಕೆನ್ಯಾದ ನೈರೋಬಿಯಲ್ಲಿ ಓದುತ್ತಿದ್ದಾಗ ನಾವು ಹನ್ನೊಂದು ಮಂದಿ ವಿದ್ಯಾರ್ಥಿಗಳು ಮಸಾಯಿ ಮಾರಾ ಅಭಯಾರಣ್ಯದ ಸೆಕೆನಾನಿ ದ್ವಾರದ ಸಮೀಪ, ದನ ಸಾಕಿ ಬಾಳುವ ಮಸಾಯಿ ಜನರ ಹಟ್ಟಿಯೊಂದಕ್ಕೆ ಹೋಗಿ ಒಂದು ಹಗಲು ಕಳೆದೆವು. ಪ್ರವಾಸಿಗರು ಇಂಥ ಹಟ್ಟಿಗಳನ್ನೆಲ್ಲ ಮನ್ಯಾಟ್ಟಾ ಎಂದು ಕರೆಯುವುದುಂಟು. ಆದರೆ ಮಸಾಯಿಗಳ ಮಾ ಭಾಷೆಯಲ್ಲಿ ಆ ಹೆಸರು ಸಲ್ಲುವುದು ಮೊರಾನ್ ಎಂಬ ಯೋಧ ಯುವಕರ ಬಿಡಾರಕ್ಕೆ. ಸಂಸಾರಗಳು ದನಕರುಗಳೊಂದಿಗೆ ಬಾಳುವ ಹಟ್ಟಿ ಎನ್ಕಾಂಗ್.

ಮುಳ್ಳುಬೇಲಿಯನ್ನು ದಾಟುತ್ತಿದ್ದಂತೆ ಮಕ್ಕಳು ಒಬ್ಬೊಬ್ಬರಾಗಿ ಬಂದು ತಲೆ ಬಾಗಿಸಿ ನಿಂತರು. ಆ ನೆತ್ತಿಯನ್ನು ಅಂಗೈಯಿಂದ ಮುಟ್ಟುವುದೇ ದೊಡ್ಡವರು ಕಿರಿಯರಿಗೆ ಹೇಳುವ ನಮಸ್ಕಾರ. ಆಮೇಲೆ ಅಡುಮು ಎಂಬ ಜಿಗಿತದ ಕುಣಿತ ನಡೆಯಿತು. ಕೆಂಪು ಶುಕಾ ಹೊದ್ದ ಯುವಕರು ವಾದ್ಯದ ನೆರವಿಲ್ಲದೆ, ಎದೆಯಾಳದಿಂದ ಹೊರಡುವ ದನಿಯ ಲಯಕ್ಕೆ, ಹಿಮ್ಮಡಿ ನೆಲಕ್ಕೆ ತಾಗದಂತೆ ನೆಟ್ಟಗೆ ಜಿಗಿದರು. ನಮ್ಮವರ ಫೋನುಗಳೆಲ್ಲ ಅವರತ್ತಲೇ ತಿರುಗಿದ್ದವು.

ನನ್ನ ಮನಸ್ಸು ನಿಂತದ್ದು ಮಾತ್ರ ಮನೆಗಳ ಮೇಲೆ. ಮಸಾಯಿ ಮನೆಯನ್ನು ಕಟ್ಟುವವಳು ಹೆಂಗಸು. ಕಂಬ ನೆಟ್ಟು, ಸಣ್ಣ ಕೊಂಬೆಗಳನ್ನು ತಡಿಕೆಯಾಗಿ ಹೆಣೆದು, ಮಣ್ಣು, ಹುಲ್ಲು, ಸಗಣಿ, ಬೂದಿಗಳನ್ನು ಕಲಸಿ ಮೆತ್ತುವವಳೂ, ಮಳೆಗಾಲದಲ್ಲಿ ಸೋರುವ ಕಡೆ ಮಾಡಿನ ಮೇಲೆ ಮತ್ತೆ ಸಗಣಿ ಬಳಿಯುವವಳೂ ಅವಳೇ. ಗಂಡನಿಗೆ ಹಲವು ಹೆಂಡಿರಿದ್ದರೆ ಒಬ್ಬೊಬ್ಬಳಿಗೂ ತಾನೇ ಕಟ್ಟಿಕೊಂಡ ಮನೆಯಿರುತ್ತದೆ. ನಾವು ಹೊಕ್ಕ ಮನೆ ನನ್ನ ಭುಜದಷ್ಟೂ ಎತ್ತರವಿರಲಿಲ್ಲ. ಬಾಗಿಲಿನಿಂದ ಮೊದಲು ಒಂದು ತಿರುವು, ಅಲ್ಲೇ ಕರುಗಳನ್ನು ಕಟ್ಟುವ ಜಾಗ, ಅದರಾಚೆ ಒಲೆ, ಒಲೆಯ ಇಕ್ಕೆಲಗಳಲ್ಲಿ ತೊಗಲು ಹಾಸಿದ ಮಂಚ, ಗೋಡೆಯಲ್ಲಿ ಅಂಗೈಯಗಲದ ಒಂದು ಬೆಳಕಿಂಡಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಹಾಲಿನ ಸೋರೆ ಬುರುಡೆಗಳು ಕಂಡವು. ಕಾಡು ಆಲಿವ್ ಕಟ್ಟಿಗೆಯ ಕೆಂಡದಿಂದ ಅವುಗಳ ಒಳಮೈಯನ್ನು ಉಜ್ಜಿ ಶುದ್ಧಮಾಡುವುದರಿಂದ ಹಾಲಿಗೆ ಹೊಗೆಯ ಪರಿಮಳ ಬರುತ್ತದೆ. ಸಗಣಿ ಸಾರಿಸಿದ ನೆಲದ ಮೇಲೆ ಬೆಳೆದ ನನಗೆ ಆ ಮನೆಯ ವಾಸನೆ ಅಪರಿಚಿತವೆನಿಸಲಿಲ್ಲ.

ಹುಲ್ಲು ಮುಗಿದಾಗ ಬಿಟ್ಟು ನಡೆಯಬಹುದಾದ, ಮತ್ತೊಂದು ಕಡೆ ಮತ್ತೆ ಎಬ್ಬಿಸಬಹುದಾದ ಮನೆ ಅದು. ಆದರೆ 1904 ಮತ್ತು 1911ರ ಒಪ್ಪಂದಗಳ ಹೆಸರಿನಲ್ಲಿ ಬ್ರಿಟಿಷ್ ಆಡಳಿತವು ಲೈಕಿಪಿಯಾದಂಥ ಒಳ್ಳೆಯ ಮೇವಿನ ನೆಲಗಳಿಂದ ಮಸಾಯಿಗಳನ್ನು ತೆರವುಗೊಳಿಸಿತು. ಮುಂದೆ ಅಭಯಾರಣ್ಯಗಳ ಗಡಿಗಳೂ, ನಾರೋಕ್ ಸುತ್ತಿನ ಗೋಧಿ ಹೊಲಗಳೂ, ಹೋಳಾದ ಖಾಸಗಿ ಜಮೀನುಗಳೂ ಬಂದವು. ಅಲೆದಾಟ ಕುಗ್ಗಿದಂತೆ ತಗಡಿನ ಮನೆಗಳು ಹೆಚ್ಚಿದವು.

ಮಸಾಯಿ ಗಂಡುಮಕ್ಕಳು ವಯಸ್ಸಿನ ಹಂತಗಳನ್ನು ದಾಟುವ ಎನ್ಕಿಪಾಟಾ, ಎಉನೋಟೋ, ಒಲ್ಙೆಷೆರ್ ಎಂಬ ಮೂರು ವಿಧಿಗಳನ್ನು ಯುನೆಸ್ಕೋ 2018ರಲ್ಲಿ ತುರ್ತಾಗಿ ಕಾಪಾಡಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಆಗಲೇಬೇಕಿದ್ದ ಕೆಲಸ. ಹೆಂಗಸರ ಕೈಯಲ್ಲಿರುವ ಈ ಕಟ್ಟುವ ವಿದ್ಯೆಗೂ ಅಷ್ಟೇ ಗೌರವ ಸಲ್ಲಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮನೆಯೊಡತಿಯನ್ನು ಹಟ್ಟಿಯ ಯುವಕರೆಲ್ಲ ಯೇಯೋ, ಅಂದರೆ ತಾಯಿ, ಎಂದೇ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆದೆವು. ತಗಡಿನ ಮನೆ ಬೇಕೇ ಎಂದು ಕೇಳಿದಾಗ ಅವರು ಹಿಂಜರಿಯದೆ ಬೇಕೆಂದರು. ಅದು ಸೋರುವುದಿಲ್ಲ, ಅದರ ಮಾಡಿನಿಂದ ಮಳೆನೀರು ಹಿಡಿಯಬಹುದು, ರಾತ್ರಿ ಮಳೆಯಲ್ಲಿ ಎದ್ದು ಸಗಣಿ ಬಳಿಯಬೇಕಾಗಿಲ್ಲ. ಅದನ್ನು ಕಟ್ಟುವವರು ಯಾರೆಂದು ಕೇಳಿದೆವು. ಪೇಟೆಯಿಂದ ಬರುವ ಮೇಸ್ತ್ರಿ, ದುಡ್ಡು ಕೊಡುವವನು ಮಗ ಎಂದರು.

ಹಾಗಾದರೆ ಆ ಮನೆ ಯಾರದಾಗುತ್ತದೆ, ಯೇಯೋ ಎಂದು ನಮ್ಮ ಗುಂಪಿನ ಹುಡುಗಿಯೊಬ್ಬಳು ಕೇಳಿದಳು. ಅವರು ಒಲೆಯ ಕೊಳ್ಳಿಯನ್ನು ಸ್ವಲ್ಪ ಒಳಕ್ಕೆ ದೂಡಿ, ಮಗನದು ಎಂದರು.