ಓದದೆ ಅಂದ ಹೂಂ

19 ನವೆಂಬರ್ 2025, ಬುಧವಾರ, ರಾತ್ರಿ 11:40

ಇವತ್ತು ಬೆಳಗ್ಗೆ ಮಾಡಿದ ಕೆಲಸ ಹೋಯಿತು. ಪೂರ್ತಿ ಅಲ್ಲ, ಅರ್ಧ. ಯಾರನ್ನೂ ಬೈಯುವ ಹಾಗಿಲ್ಲ. ಅಪ್ಪಣೆ ಕೊಟ್ಟಿದ್ದು ನಾನೇ, ಯಾವತ್ತು ಕೊಟ್ಟೆ ಅಂತ ಮಾತ್ರ ನೆನಪಿಲ್ಲ.

ಟರ್ಮಿನಲ್‌ನಲ್ಲಿ ಕೂತು ಕೋಡ್ ಬರೆದುಕೊಡುವ ಈ ಎಐ ಒಂದೊಂದು ಕಮಾಂಡ್‌ಗೂ ಮೊದಲು ಕೇಳುತ್ತದೆ. 1 ಒತ್ತಿದರೆ ಈ ಸಲ ಸರಿ. 2 ಒತ್ತಿದರೆ ಸರಿ, ಇನ್ನು ಮುಂದೆ ಇದಕ್ಕೆ ಕೇಳಬೇಡ. 3 ಅಂದರೆ ಬೇಡ. ಮೊದಲ ವಾರ ಒಂದೊಂದು ಸಾಲನ್ನೂ ಓದುತ್ತಿದ್ದೆ. ಪರದೆಯನ್ನು ಭಾಗ ಮಾಡುವ ಟಿಮಕ್ಸ್‌ನಲ್ಲಿ ಎಡಕ್ಕೆ ಕೋಡ್ ತಿದ್ದುವ ವಿಮ್, ಬಲಕ್ಕೆ ಇದು, ಕೆಳಗೆ ಪ್ರೋಗ್ರಾಂ ಏನು ಮಾಡುತ್ತಿದೆ ಅಂತ ತೋರಿಸುವ ಲಾಗ್. ಬರಬರುತ್ತಾ ಕಣ್ಣು ಲಾಗ್ ಮೇಲೆ, ಬೆರಳು 2ರ ಮೇಲೆ. ಹಾಗೆ ಒತ್ತಿದ್ದರಲ್ಲಿ ಕೋಡ್‌ನ ಹಳೆಯ ಆವೃತ್ತಿಗಳನ್ನು ಕಾಪಾಡುವ ಗಿಟ್ ಕೂಡ ಸೇರಿಕೊಂಡಿತ್ತು.

ಕೆಲಸ ಚಿಕ್ಕದೇ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ ಹಿಡಿಯುತ್ತದೆ, ಕನ್ನಡ ಸೇರಿದರೆ 70ಕ್ಕೆ ಇಳಿಯುತ್ತದೆ. ಆದ್ದರಿಂದ ಉದ್ದದ ಹೆಸರನ್ನು ಕತ್ತರಿಸಬೇಕು, ಆದರೆ ಒತ್ತು ಕಿತ್ತುಬರಬಾರದು. ಲಕ್ಷ್ಮಮ್ಮ ಅಂತ ಬರೆಯಿರಿ. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರ್‌ಗೆ 9 ಸಂಕೇತ. ಎಐ ಬರೆದ ಕೋಡ್ ಇದನ್ನು ಆರು ಅಂತ ಎಣಿಸಿತು, ಎರಡಕ್ಕೆ ಕತ್ತರಿಸಿ 'ಲಕ್' ಅಂತ ಕೊಟ್ಟಿತು. ಪಾಪ, ಅದರ ತಪ್ಪಲ್ಲ. 2023ರಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್‌ನ 15.1 ಆವೃತ್ತಿ ಬಂದಾಗ ಒತ್ತಕ್ಷರ ಒಡೆಯಬಾರದು ಅನ್ನುವ ನಿಯಮ ಸೇರಿಸಿದರು. ಅದು ಅನ್ವಯಿಸುವ ಲಿಪಿಗಳ ಪಟ್ಟಿಯಲ್ಲಿ ದೇವನಾಗರಿ ಇದೆ, ಬಂಗಾಳಿ ಇದೆ, ಮಲಯಾಳಂ ಇದೆ, ಅಕ್ಕಪಕ್ಕದಲ್ಲೇ ಬೆಳೆದ ತೆಲುಗೂ ಇದೆ. ಕನ್ನಡ ಇಲ್ಲ! ಓದಿ ಹೊಟ್ಟೆ ಉರಿಯಿತು.

ಸರಿ, ಕೈಯಲ್ಲೇ ಬರೆಯೋಣ ಅಂತ ಕೂತೆ. ಹಲಂತ, ಅಂದರೆ ವ್ಯಂಜನದ ಸ್ವರ ಕಳೆಯುವ ಚಿಹ್ನೆ, ಬಂದರೆ ಮುಂದಿನ ವ್ಯಂಜನವನ್ನೂ ಜೊತೆಗೇ ಎಳೆದುಕೋ, ಅಷ್ಟೇ ಉಪಾಯ. ಹನ್ನೊಂದೂವರೆಗೆ ಒಮ್ಮೆ ಗಿಟ್ ಆ್ಯಡ್ ಮಾಡಿದ್ದೆ, ಅಂದರೆ ಗಿಟ್‌ಗೆ ತೋರಿಸಿಟ್ಟಿದ್ದೆ, ಆದರೆ ಕಮಿಟ್ ಮಾಡಿ ಖಾಯಂ ಮಾಡಿರಲಿಲ್ಲ. ಒಂದು ಗಂಟೆಗೆ ಕೋಡ್ ಪರೀಕ್ಷಿಸುವ ಒಂದು ಟೆಸ್ಟ್ ಫೇಲಾಯಿತು. ನೋಡಪ್ಪಾ ಅಂತ ಇದಕ್ಕೆ ಹೇಳಿ ಕಾಫಿಗೆ ಎದ್ದೆ. ಬರುವಷ್ಟರಲ್ಲಿ ಎಲ್ಲ ಹಸಿರು, ಟೆಸ್ಟೆಲ್ಲ ಪಾಸು. ಗಿಟ್ ರೀಸೆಟ್ ಹಾರ್ಡ್ ಕೊಟ್ಟು, ನಾನು ಬರೆದಿದ್ದನ್ನೆಲ್ಲ ಗುಡಿಸಿ, ಹಳೆಯ ಕೋಡ್ ಮೇಲೆ ಮತ್ತೆ ಶುರು ಮಾಡಿತ್ತು. ಕೇಳಲೇ ಇಲ್ಲ. ಯಾಕೆ ಕೇಳುತ್ತದೆ?

ಕಮಿಟ್ ಮಾಡದ್ದು ಗಿಟ್‌ನ ಕಮಿಟ್ ದಾಖಲೆಯಾದ ರೆಫ್‌ಲಾಗ್‌ನಲ್ಲೂ ಸಿಗಲ್ಲ. ಆದರೆ ಆ್ಯಡ್ ಮಾಡಿದ್ದು ಗಿಟ್‌ನ ಹೊಟ್ಟೆಯೊಳಗೆ ಎಲ್ಲೋ ಬಿದ್ದಿರುತ್ತದೆ. ಎಫ್‌ಎಸ್‌ಸಿಕೆ ಅನ್ನುವ ಗಿಟ್‌ನ ತಪಾಸಣೆ ಕಮಾಂಡ್ ಓಡಿಸಿ, ದಿಕ್ಕಿಲ್ಲದೆ ಬಿದ್ದಿದ್ದ ಫೈಲುಗಳಲ್ಲೆಲ್ಲ 0CCD ಅಂತ ಗ್ರೆಪ್ ಮಾಡಿ ಹುಡುಕಿದೆ. ಕನ್ನಡದ ಹಲಂತದ ನಂಬರ್ ಅದು. ಬೇರೆ ಯಾರ ಕೋಡ್‌ನಲ್ಲಿ ಇರುತ್ತದೆ ಹೇಳಿ? ಒಂದೇ ಒಂದು ಸಿಕ್ಕಿತು. ಆ ಕ್ಷಣದ ಖುಷಿಗೆ ಕುರ್ಚಿಯಿಂದ ಎದ್ದೇ ನಿಂತೆ. ಹನ್ನೊಂದೂವರೆಯ ತನಕದ್ದು ವಾಪಸ್ ಬಂತು. ಆಮೇಲಿನದು ಗೋವಿಂದ.

ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಇವಳು ಬಸವನಗುಡಿಯ ಪರಿಷೆಯಿಂದ ತಂದ ಕಡಲೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು.

"ಅದು ಕೇಳಿದಾಗೆಲ್ಲ ನೀವು ಓದದೆ ಹೂಂ ಅಂತಿದ್ರಾ?"

"ಹೂಂ."

"ಭಾನುವಾರ ನಾನೂ ಕೇಳಿದ್ದೆ. ನಾಳೆ ಪರಿಷೆಗೆ ಆರು ಗಂಟೆಗೆಲ್ಲ ಬಂದ್ಬಿಡ್ತೀರಾ ಅಂತ. ಹೂಂ ಅಂದ್ರಿ. ಪುಟ್ಟಿಗೆ ಬಲೂನು ನೀವೇ ಕೊಡಿಸ್ಬೇಕು ಅಂದೆ. ಹೂಂ. ಯಾಕೋ ಅನುಮಾನ ಬಂದು, ದೊಡ್ಡ ಬಸವಣ್ಣನ್ನ ಮನೆಗೆ ಕರ್ಕೊಂಡು ಬರೋಣ್ವಾ ಅಂದೆ. ಅದಕ್ಕೂ ಹೂಂ!"

ಪುಟ್ಟಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಸೋಮವಾರ ನಾನು ಮನೆ ಸೇರಿದ್ದು ಒಂಬತ್ತಕ್ಕೆ. ಅಷ್ಟರಲ್ಲಿ ಅತ್ತಿಗೆ ಜೊತೆ ಹೋಗಿ ಬಂದು ಇಬ್ಬರೂ ಮಲಗಿದ್ದರು. ಬಾಗಿಲ ಚಿಲಕಕ್ಕೆ ಒಂದು ಬಲೂನು ಕಟ್ಟಿತ್ತು. ಯಾರದ್ದು ಅಂತಲೂ ಕೇಳಿರಲಿಲ್ಲ ನಾನು.

ಈಗ ಎಲ್ಲರೂ ಮಲಗಿದ ಮೇಲೆ ಅಪ್ಪಣೆಗಳ ಫೈಲ್ ತೆರೆದೆ. ಉದ್ದಕ್ಕೆ ಪಟ್ಟಿ. ಫೈಲ್ ಅಳಿಸುವ ಕಮಾಂಡ್‌ಗೂ ಹೂಂ ಅಂದಿದ್ದೇನೆ ಮಹಾರಾಯ! ಒಂದೊಂದಾಗಿ ತೆಗೆದೆ. ಟೆಸ್ಟ್ ಓಡಿಸುವ ಸಾಲಿಗೆ ಬಂದಾಗ ಮಾತ್ರ ಕೈ ಬರಲಿಲ್ಲ. ಅದನ್ನೂ ತೆಗೆದರೆ ದಿನಕ್ಕೆ ಎಷ್ಟು ಸಲ ಕೇಳುತ್ತದೋ. ಅಷ್ಟು ಸಲ ಕೇಳಿದರೆ ನಾಲ್ಕೇ ದಿನಕ್ಕೆ ನಾನು ಮತ್ತೆ ಓದದೆ 1 ಒತ್ತುತ್ತಿರುತ್ತೇನೆ. ಹಾಗಾದರೆ ಕೇಳಿದರೂ ಅಷ್ಟೇ, ಬಿಟ್ಟರೂ...

ತಾಳಿ. ಒಳಗಿನಿಂದ ಇವಳು ಏನೋ ಕೇಳಿದಳು. ಲೈಟು ಅಂದಳೋ, ಗೇಟು ಅಂದಳೋ.