ಲೆಕ್ಕ ಅಕ್ಕನೇ ಬರೆಯಲಿ

ತೀರ್ಥಹಳ್ಳಿ, 24 ನವೆಂಬರ್ 2024, ಭಾನುವಾರ

ಅಡಿಕೆ ಗೊನೆ ಕೊಯ್ಲು ಶುರುವಾಗಿದೆ. ಅಕ್ಕನ ಮನೆ ತುಂಬ ಜನ. ಅಡಿಕೆ ಸುಲಿಯುವವರ ಲೆಕ್ಕ ಬರೆಯುವುದು ಮೊದಲಿನಿಂದಲೂ ಅಕ್ಕನ ಕೆಲಸ. ಈ ಸಲ ಮಗನೇ ಬರೆಯಲಿ, ಅವಳಿಗ್ಯಾಕೆ ತೊಂದರೆ ಅಂತಾರೆ ಭಾವ. ಪ್ರೀತಿಯಿಂದಲೇ ಹೇಳಿದ್ದು. ಆದರೂ ನನಗೆ ಒಪ್ಪಿಗೆಯಾಗಲಿಲ್ಲ.

ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಮೆದುಳು, ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಯನ್ನು ದೇಹದ ರೋಗನಿರೋಧಕ ಶಕ್ತಿಯೇ ಹಾಳು ಮಾಡುವ ಕಾಯಿಲೆ. ನಡೆಯುವಾಗ ಎಡವಿದರೆ ಎಲ್ಲರಿಗೂ ಕಾಣುತ್ತದೆ. ಯೋಚನೆ ನಿಧಾನವಾದರೆ ಯಾರಿಗೆ ಕಾಣುತ್ತದೆ? ಈ ಕಾಯಿಲೆಯವರಲ್ಲಿ ನೂರಕ್ಕೆ 40ರಿಂದ 65 ಜನರಿಗೆ ಇಂಥ ತೊಂದರೆ ಇರುತ್ತದೆ. 'ಅವಳಿಗೆ ಮರೆವು' ಅಂತ ನೆಂಟರು ಹೇಳುವಾಗ ಸಂಕಟವಾಗುತ್ತದೆ. ಅಕ್ಕನ ಬುದ್ಧಿ ಎಲ್ಲೂ ಹೋಗಿಲ್ಲ. ಕೇಳಿದ್ದು ತಲೆಗೆ ಹತ್ತುವುದು ತಡ, ಉತ್ತರ ಬರುವುದು ತಡ, ಅಷ್ಟೇ.

ನಿನ್ನೆ ಸಂಜೆ ಒಬ್ಬಳು ತೂಕ ಹೇಳುತ್ತಿದ್ದಳು, ಇನ್ನೊಬ್ಬಳು ಮುಂಗಡ ಕೇಳುತ್ತಿದ್ದಳು, ಫೋನ್ ಬೇರೆ ಬಡಿದುಕೊಳ್ಳುತ್ತಿತ್ತು. ಅಕ್ಕನ ಪೆನ್ನು ಹಾಳೆಯ ಮೇಲೆ ನಿಂತೇಬಿಟ್ಟಿತು. ತುಟಿ ಅಲ್ಲಾಡುತ್ತಿತ್ತು, ಅಂಕಿ ಬರುತ್ತಿರಲಿಲ್ಲ. ಕೂತಿದ್ದು ಅಡಿಕೆ ಬೇಯಿಸುವ ಒಲೆಯ ಪಕ್ಕ. ಮೈ ಬಿಸಿಯಾದರೆ ಹೊದಿಕೆ ಕಳೆದುಕೊಂಡ ನರದಲ್ಲಿ ಸಂದೇಶ ಇನ್ನೂ ತಡವಾಗುತ್ತದೆ. ತಂಪಾದರೆ ಸುಧಾರಿಸುತ್ತದೆ.

ಅದಕ್ಕೇ ಇವತ್ತು ಮೇಜನ್ನು ಗಾಳಿ ಬರುವ ಜಗಲಿಗೆ ತಂದೆವು. ಫೋನ್ ಒಳಗೆ. ಒಬ್ಬೊಬ್ಬರೇ ಬಂದು ತೂಕ ಹೇಳಬೇಕು, ಅಕ್ಕ ಬರೆದುಕೊಂಡು ಅದನ್ನೇ ಜೋರಾಗಿ ತಿರುಗಿ ಹೇಳಬೇಕು. ಹಾಗೆ ಹೇಳಿದರೆ ತಪ್ಪೂ ಸಿಗುತ್ತದೆ, ನೆನಪಲ್ಲೂ ಉಳಿಯುತ್ತದೆ. ಒಂದೇ ಪುಸ್ತಕ, ಒಂದೇ ಜಾಗ. ಕೂಡಿಸುವ ಕೆಲಸ ಬೆಳಿಗ್ಗೆಗೆ. ಸಂಜೆ ಹೊತ್ತಿಗೆ ಅವಳು ಪೂರ್ತಿ ಸುಸ್ತಾಗಿರುತ್ತಾಳೆ, ಆ ಸುಸ್ತಲ್ಲಿ ಲೆಕ್ಕ ಹೇಗೆ ಬಂದೀತು?

ಹೆಸರೊಂದು ಬಾಯಿಗೆ ಬಾರದೆ ಅಕ್ಕ ತಡೆದಾಗ ನಾವ್ಯಾರೂ ನಡುವೆ ಬಾಯಿ ಹಾಕಲಿಲ್ಲ. ಸುಲಿಯಲು ಬಂದ ಹಿರಿಯ ಹೆಂಗಸು, "ನಿಧಾನಕ್ಕೆ ಬರೀರಿ ಅಮ್ಮ, ನಂಗೇನೂ ಅರ್ಜೆಂಟಿಲ್ಲ" ಅಂದರು. ಅಕ್ಕನ ಭುಜ ಸಡಿಲವಾಯಿತು. ಹೆಸರೂ ಬಂತು. ನೆನಪಿನ ಎಲ್ಲ ವ್ಯಾಯಾಮಕ್ಕಿಂತ ಹೀಗೆ ಕಾಯುವ ತಾಳ್ಮೆಯೇ ಜಾಸ್ತಿ ಬೇಕು ಅಂತ ನನಗನ್ನಿಸುತ್ತದೆ.

ಮುಂದಿನ ತಿಂಗಳು ನರರೋಗ ತಜ್ಞರನ್ನು ನೋಡಲು ಶಿವಮೊಗ್ಗಕ್ಕೆ ಹೋಗಬೇಕು. ಚಿಹ್ನೆಗೆ ಅಂಕಿ ಹೊಂದಿಸುವ 90 ಸೆಕೆಂಡಿನ ಪರೀಕ್ಷೆ ಒಂದಿದೆ. ವರ್ಷಕ್ಕೊಮ್ಮೆ ಮಾಡಿಸಿದರೆ ಯೋಚನೆಯ ವೇಗದ ಏರುಪೇರು ತಿಳಿಯುತ್ತದೆ, ಅದನ್ನು ಕೇಳಬೇಕು. ನಿದ್ದೆಯ ವಿಷಯ, ಅವಳ ಮನಸ್ಸು ಕುಗ್ಗಿರುವ ವಿಷಯವನ್ನೂ ಹೇಳಬೇಕು, ಅವೂ ಯೋಚನೆಯನ್ನು ಎಳೆದುಹಾಕುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯೂ ಸೇರಿದೆ, ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕುವುದು ಬಾಕಿ. ಈ ಸಲ ನಾನೂ ಬರ್ತೀನಿ ಅಂದಿದ್ದಾರೆ ಭಾವ.