ಹರಿದ ಟೇಪು, ಅಳಿಸಿಹೋದ 18

ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ, ಗಣಿತ ಹೇಳಿಕೊಡುತ್ತೇನೆ. ಹನ್ನೆರಡು ವರ್ಷ ಆಯಿತು. ಶಾಲೆಯ ಹಿಂದೆ ತುಂಗಭದ್ರಾ ಎಡದಂಡೆಯ ಉಪಕಾಲುವೆ, ಅದರಾಚೆ ಭತ್ತದ ಗದ್ದೆ. ಈ ಹನ್ನೆರಡು ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಒಂದು ಹಳೇ ದರ್ಜಿ ಟೇಪು. ಹೊಸದಾಗಿ ಕೆಲಸಕ್ಕೆ ಸೇರಿರುವ ಶಿಕ್ಷಕರು ಸಿಕ್ಕಾಗಲೆಲ್ಲ ಈ ಕಥೆ ಹೇಳುತ್ತೇನೆ. ಇವತ್ತು ಬರೆದೇ ಇಡೋಣ ಅನ್ನಿಸಿತು.

ಮೊದಮೊದಲು ನಾನು ಪಾಠ ಮಾಡುತ್ತಿದ್ದ ರೀತಿ ಹೀಗಿತ್ತು. ಗೋಡೆಗೆ ಒಂದು ಚಾರ್ಟ್ ಅಂಟಿಸುತ್ತಿದ್ದೆ. ವೀಕ್ಷಣೆ, ಪ್ರಶ್ನೆ, ಊಹೆ, ಪ್ರಯೋಗ, ತೀರ್ಮಾನ. ಪಕ್ಕದಲ್ಲೇ ಇನ್ನೊಂದು ಚಾರ್ಟ್, 10 ಮಿಲಿಮೀಟರ್ ಅಂದರೆ 1 ಸೆಂಟಿಮೀಟರ್, 100 ಸೆಂಟಿಮೀಟರ್ ಅಂದರೆ 1 ಮೀಟರ್. ಮಕ್ಕಳು ಎರಡನ್ನೂ ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದರು. ಕಿರುಪರೀಕ್ಷೆಯಲ್ಲಿ ಎಲ್ಲರಿಗೂ ಒಳ್ಳೆ ಅಂಕ. ನನಗೂ ಸಮಾಧಾನ.

ಒಂದು ವರ್ಷ ನಾಗರ ಪಂಚಮಿ ಮುಗಿದ ಮೇಲೆ ಮಕ್ಕಳು ಶಾಲೆಗೆ ಬಂದರು. ನಮ್ಮ ಕಡೆ ಪಂಚಮಿ ಅಂದರೆ ಜೋಕಾಲಿ. ಬೇವಿನ ಮರ, ಹುಣಸೆ ಮರ, ಮನೆಯ ಜಂತಿ, ಎಲ್ಲಿ ನೋಡಿದರೂ ಹಗ್ಗ. ಏಳನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು ಕೇಳಿದ, "ಸರ್, ಸಣ್ಣ ಜೋಕಾಲಿ ಲಗೂ ಲಗೂ ಹೋಗಿ ಬರತೈತ್ರಿ. ದೊಡ್ಡದು ಸಾವಕಾಶ ಬರತೈತಿ. ಯಾಕ್ರಿ?" ಪಕ್ಕದವನು ತಕ್ಷಣ ಬಾಯಿ ಹಾಕಿದ, "ದೊಡ್ಡದರಾಗ ದೊಡ್ಡೋರು ಕುಂದರತಾರ, ಭಾರ ಜಾಸ್ತಿ, ಅದಕ್ಕ." ಇಡೀ ತರಗತಿ ಎರಡು ಪಾಲಾಯಿತು. ಹಗ್ಗದ ಉದ್ದ ಕಾರಣ ಅನ್ನುವವರು ಒಂದು ಕಡೆ, ಕೂತವರ ಭಾರ ಕಾರಣ ಅನ್ನುವವರು ಇನ್ನೊಂದು ಕಡೆ.

ಸರಳ ಲೋಲಕದ ಪಾಠಕ್ಕೆ ಇದಕ್ಕಿಂತ ಒಳ್ಳೆ ಬಾಗಿಲು ಸಿಗುತ್ತದಾ? ಮರುದಿನವೇ ವರಾಂಡಕ್ಕೆ ಕರೆದುಕೊಂಡು ಹೋದೆ. ಐದು ಗುಂಪು. ಒಂದೊಂದು ಗುಂಪಿಗೆ ಸುತಳಿ, ಒಂದು ಕಲ್ಲು, ಮೇಲೆ ಒಂದು ಮೊಳೆ. ಮೊಳೆಯಿಂದ ಕಲ್ಲಿನ ನಡುವಿನ ತನಕ ಸರಿಯಾಗಿ ಒಂದು ಮೀಟರ್ ಇರಬೇಕು ಅಂತ ಹೇಳಿದೆ. ಕಲ್ಲನ್ನು ಸ್ವಲ್ಪ ಮಾತ್ರ ಪಕ್ಕಕ್ಕೆ ಎಳೆದು, ತಳ್ಳದೆ ಬಿಡಬೇಕು. ಹೋಗಿ ವಾಪಸ್ ಬಂದರೆ ಒಂದು ಸಲ. ಹತ್ತು ಸಲಕ್ಕೆ ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿ ಬರೆಯಬೇಕು. ಒಂದೇ ಸಲ ನೋಡಿದರೆ ಗುಂಡಿ ಒತ್ತುವಾಗ ಆಗುವ ಹಿಂದೆಮುಂದೆ ಪೂರ್ತಿ ಲೆಕ್ಕಕ್ಕೆ ಸೇರುತ್ತದೆ. ಹತ್ತು ಸಲ ನೋಡಿ ಭಾಗಿಸಿದರೆ ಆ ತಪ್ಪೂ ಹತ್ತು ಪಾಲಾಗುತ್ತದೆ.

ಒಂದು ಮೀಟರ್ ಲೋಲಕ ಹತ್ತು ಸಲ ಹೋಗಿ ಬರಲು ಸುಮಾರು 20 ಸೆಕೆಂಡ್ ತಗೊಳ್ಳುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು. ತೊಂದರೆ ಆಗಿದ್ದೇ ಅಲ್ಲಿ.

ನಾಲ್ಕು ಗುಂಪಿಗೆ 20ರ ಆಸುಪಾಸು ಬಂತು. ಐದನೇ ಗುಂಪಿಗೆ 18. "ಎಣಿಸೋದ್ರಲ್ಲಿ ತಪ್ಪಿದ್ದೀರಿ, ಇನ್ನೊಮ್ಮೆ ಮಾಡಿ" ಅಂದೆ. ಮತ್ತೆ 18. ಮೂರನೇ ಸಲ 17.9. ಗಂಟೆ ಹೊಡೆಯುವ ಹೊತ್ತಾಗಿತ್ತು. ನಾನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಎಲ್ಲರಿಗೂ 20 ಬಂದಿದೆ, ನಿಮಗೊಬ್ಬರಿಗೆ ಬೇರೆ ಹೇಗೆ ಬರುತ್ತೆ? ಸರಿ ಮಾಡಿ ಬರೀರಿ." ಆ ಗುಂಪಿನಲ್ಲಿ ಬರೆಯುತ್ತಿದ್ದ ಹುಡುಗಿ ರಬ್ಬರ್ ತೆಗೆದು 18 ಅಳಿಸಿದಳು. 20 ಅಂತ ಬರೆದಳು. ಪುಡಿಯನ್ನು ಊದಿ ಪುಸ್ತಕ ಕೊಟ್ಟಳು. ನಾನು ಕೆಂಪು ಪೆನ್ನಿನಿಂದ ರೈಟ್ ಹಾಕಿದೆ.

ಸಂಜೆ ಸಾಮಾನು ಎತ್ತಿಡುವಾಗ ಆ ಗುಂಪಿನ ಟೇಪು ಕೈಗೆ ಸಿಕ್ಕಿತು. ಶಾಲೆಯಲ್ಲಿ ಟೇಪು ಸಾಲದು ಅಂತ ಆ ಹುಡುಗಿಯೇ ಮನೆಯಿಂದ ತಂದಿದ್ದಳು. ಅವರವ್ವ ಜಂಪರ್ ಹೊಲಿಯುತ್ತಾರೆ. ಟೇಪಿನ ತುದಿ ಸವೆದು ಹರಿದಿದ್ದರಿಂದ ಅಲ್ಲಿ ನೀಟಾಗಿ ಕತ್ತರಿಸಿದ್ದರು. ಸುರುಳಿ ಬಿಚ್ಚಿ ನೋಡಿದೆ. ಅದು ಶುರುವಾಗುತ್ತಿದ್ದದ್ದೇ 20ರಿಂದ. ಮಕ್ಕಳು ಕತ್ತರಿಸಿದ ತುದಿಯನ್ನು ಮೊಳೆಗೆ ಹಿಡಿದು, 100 ಇರುವಲ್ಲಿ ಗುರುತು ಹಾಕಿ ಕಲ್ಲು ಕಟ್ಟಿದ್ದರು. 100 ಅಂದರೆ ಒಂದು ಮೀಟರ್ ಅಂತ ಚಾರ್ಟಿನಲ್ಲಿ ನಾನೇ ಬರೆದಿದ್ದೆನಲ್ಲ. ಅವರ ಸುತಳಿ ಇದ್ದದ್ದು 80 ಸೆಂಟಿಮೀಟರ್. ಅಷ್ಟು ಉದ್ದಕ್ಕೆ ಹತ್ತು ಸಲಕ್ಕೆ ಬರಬೇಕಾದದ್ದು 17.9.

ಅಂದರೆ ಮಕ್ಕಳು ಮೂರು ಸಲವೂ ಸರಿಯಾಗಿ ಎಣಿಸಿದ್ದರು. ಟೇಪಿನಲ್ಲಿ ಏನೋ ಎಡವಟ್ಟಾಗಿದೆ ಅಂತ ಆ ಕಲ್ಲು ಮೂರು ಸಲ ಹೇಳಿತ್ತು. ಕೇಳಿಸಿಕೊಳ್ಳಬೇಕಾಗಿದ್ದ ನಾನು ಅದನ್ನು ಅಳಿಸಿಸಿದ್ದೆ.

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮರುದಿನ ತರಗತಿಯಲ್ಲಿ ಟೇಪು ಎತ್ತಿ ಹಿಡಿದು ಎಲ್ಲ ಹೇಳಿದೆ. ಎಲ್ಲರ ಎದುರಿಗೆ 80 ಸೆಂಟಿಮೀಟರ್ ಸುತಳಿ ಕಟ್ಟಿ ತೂಗಿದೆವು. 18 ಬಂತು. "ನೀನು ಬರೆದದ್ದು ಸರಿ ಇತ್ತು, ನಾನು ತಪ್ಪು ಮಾಡಿದೆ" ಅಂದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಹಂಗಾದ್ರ ನಿನ್ನೆ ರೈಟ್ ಯಾಕ ಹಾಕಿದ್ರಿ ಸರ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗು ಬರೆದದ್ದನ್ನು ನೋಡಿ ನಾನು ರೈಟ್ ಹಾಕಿರಲಿಲ್ಲ. ನನ್ನ ತಲೆಯಲ್ಲಿದ್ದ ಉತ್ತರಕ್ಕೆ ಹಾಕಿಕೊಂಡಿದ್ದೆ.

ಆಮೇಲೆ ಅವಳೇ ಇನ್ನೊಂದು ವಿಷಯ ಹೇಳಿದಳು. ಅವರವ್ವ ಆ ಟೇಪಿನಲ್ಲಿ ಅಳೆಯುವಾಗ ಪ್ರತಿ ಸಲವೂ ಎಂಟು ಇಂಚು ಕಳೆದೇ ಲೆಕ್ಕ ಹಾಕುತ್ತಾರಂತೆ. ಸೊನ್ನೆ ಎಲ್ಲಿದೆ ಅಂತ ಆ ತಾಯಿಗೆ ಗೊತ್ತಿತ್ತು. ಪದವಿ ಓದಿದ ನಾನು ಅದನ್ನು ನೋಡಿರಲಿಲ್ಲ.

ಅವತ್ತಿನಿಂದ ನನ್ನ ತರಗತಿಯಲ್ಲಿ ಪ್ರಯೋಗದ ಪುಸ್ತಕಕ್ಕೆ ರಬ್ಬರ್ ಇಲ್ಲ. ಪೆನ್ನಿನಲ್ಲೇ ಬರೆಯಬೇಕು. ತಪ್ಪು ಅನ್ನಿಸಿದರೆ ಮೇಲೊಂದು ಗೆರೆ, ಅಷ್ಟೇ. ಕೆಳಗಿನ ಅಂಕಿ ಕಾಣುತ್ತಿರಬೇಕು. ಅಳೆಯುವ ಮೊದಲು ಅಂದಾಜು ಬರೆಯಬೇಕು, ಅಳತೆ ಮೂರು ಸಲ ಆಗಬೇಕು. ಇದರ ಜೊತೆ ಪಾಠ ಶುರು ಮಾಡುವ ಜಾಗವನ್ನೂ ಬದಲಾಯಿಸಿದೆ. ಚಾರ್ಟ್ ಈಗ ಕೊನೆಗೆ ಬರುತ್ತದೆ, ಅದೂ ಮಕ್ಕಳೇ ಬರೆದದ್ದು. ನಾನು ಶುರು ಮಾಡುವುದು ಕೈಯಿಂದ.

ಎಲ್ಲರೂ ಒಂದೇ ಬೆಂಚನ್ನು ತಮ್ಮ ತಮ್ಮ ಗೇಣಿನಲ್ಲಿ ಅಳೆಯಬೇಕು. ಒಬ್ಬನಿಗೆ ಎಂಟು, ಇನ್ನೊಬ್ಬಳಿಗೆ ಒಂಬತ್ತೂವರೆ, ನನಗೆ ಏಳು. "ಬೆಂಚು ಒಂದೇ ಅಲ್ವಾ, ಇದು ಹೇಗೆ?" ಅಂತ ಕೇಳಿ ಸುಮ್ಮನಾಗುತ್ತೇನೆ. ಗಲಾಟೆ ಶುರುವಾಗುತ್ತದೆ. ಮಲ್ಲಿಗೆ ಹೂವು ಇವತ್ತಿಗೂ ಮೊಳದ ಲೆಕ್ಕದಲ್ಲೇ ಸಿಗುವುದು ಅಂತ ಯಾರಾದರೂ ನೆನಪು ಮಾಡುತ್ತಾರೆ. ಒಂದು ವರ್ಷ ಒಬ್ಬಳು ಹುಡುಗಿ ಹೇಳಿದ್ದನ್ನು ಮರೆಯುವ ಹಾಗೇ ಇಲ್ಲ: "ಉದ್ದ ಕೈಯಾಕಿ ಹತ್ರನ ಹೂ ತಗೋಬೇಕ್ರಿ ಸರ್." ಅಳತೆಗೆ ಎಲ್ಲರೂ ಒಪ್ಪುವ ಒಂದು ಮಾನ ಯಾಕೆ ಬೇಕು ಅಂತ ಇದಕ್ಕಿಂತ ಚೆನ್ನಾಗಿ ಹೇಳುವುದು ನನಗಂತೂ ಬರುವುದಿಲ್ಲ.

ಮನೆಯಲ್ಲಿ ಅಜ್ಜ, ಅಜ್ಜಿಯನ್ನು ಕೇಳಿ ಹಳೇ ಅಳತೆ ಬರೆದುಕೊಂಡು ಬನ್ನಿ ಅಂತ ಕಳಿಸುತ್ತೇನೆ. ಸೇರು, ಪಾವು, ಚಟಾಕು, ಮಣ, ತೊಲ, ಹರದಾರಿ, ಎಲ್ಲ ಬರುತ್ತವೆ. ನಮ್ಮ ಭಾಗ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ಹೊಳೆ ದಾಟಿದರೆ ಬಳ್ಳಾರಿ, ಅದು 1953ರ ತನಕ ಮದ್ರಾಸಿನ ಕೈಯಲ್ಲಿತ್ತು. ಸೇರು ಅನ್ನುವ ಹೆಸರು ಎಲ್ಲ ಕಡೆ ಒಂದೇ, ಒಳಗೆ ಹಿಡಿಯುವ ಜೋಳ ಮಾತ್ರ ಊರಿಂದ ಊರಿಗೆ ಬೇರೆ. 1956ರಲ್ಲಿ ದೇಶಕ್ಕೆಲ್ಲ ಒಂದೇ ಅಳತೆ ಅನ್ನುವ ಕಾನೂನು ಬಂತು. 1957ರ ಏಪ್ರಿಲ್ 1ಕ್ಕೆ ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯದಾಯಿತು. 1958ರ ಅಕ್ಟೋಬರ್ 1ರಿಂದ ಕಿಲೋ, ಗ್ರಾಂ ಬಳಕೆಗೆ ಬಂದವು. "ಹದಿನಾರಾಣೆ ನಿಜ" ಅಂತ ಅಜ್ಜಿ ಯಾಕೆ ಹೇಳುತ್ತಾಳೆ ಅಂತ ಆ ದಿನ ಮಕ್ಕಳಿಗೆ ಗೊತ್ತಾಗುತ್ತದೆ.

ಹಾಗಾದರೆ ಮೀಟರ್ ಅಂದರೆ ಇಷ್ಟೇ ಉದ್ದ ಅಂತ ಹೇಳಿದ್ದು ಯಾರು? ಈ ಪ್ರಶ್ನೆ ಬಂದಾಗ ನಾನು ಮೆಶೆಂ ಅನ್ನುವವರ ಕಥೆ ಹೇಳುತ್ತೇನೆ. ಟೇಪಿನ ಘಟನೆ ಆದಮೇಲೆ ಓದಿ ತಿಳಿದುಕೊಂಡದ್ದು. ಫ್ರಾನ್ಸಿನಲ್ಲೂ ಆಗ ಊರಿಗೊಂದು ಅಳತೆ ಇತ್ತು. ಯಾವ ರಾಜನ ಕೈಯೂ ಬೇಡ, ಭೂಮಿಯನ್ನೇ ಅಳೆಯೋಣ ಅಂತ 1791ರಲ್ಲಿ ತೀರ್ಮಾನ ಮಾಡಿದರು. ಉತ್ತರ ಧ್ರುವದಿಂದ ಸಮಭಾಜಕ ವೃತ್ತದ ತನಕ ಇರುವ ದೂರದ ಒಂದು ಕೋಟಿಯಲ್ಲಿ ಒಂದು ಪಾಲು, ಅದೇ ಮೀಟರ್. ದೆಲಾಂಬ್ರ್, ಮೆಶೆಂ ಅನ್ನುವ ಇಬ್ಬರು ಖಗೋಳ ವಿಜ್ಞಾನಿಗಳು 1792ರಲ್ಲಿ ಹೊರಟರು. ಡಂಕರ್ಕ್ ಊರಿಂದ ಬಾರ್ಸಿಲೋನಾ ತನಕ ಅಳೆದು ಮುಗಿಸಲು ಆರೇಳು ವರ್ಷ ಹಿಡಿಯಿತು. ಯುದ್ಧ, ಬಂಧನ, ಜನರ ಅನುಮಾನ, ಎಲ್ಲದರ ನಡುವೆ. ಬಾರ್ಸಿಲೋನಾದಲ್ಲಿ ಮೆಶೆಂ ತೆಗೆದ ಅಳತೆಗಳು ಒಂದಕ್ಕೊಂದು ತಾಳೆ ಆಗಲಿಲ್ಲ. ವ್ಯತ್ಯಾಸ ತೀರ ಸಣ್ಣದು. ಆದರೂ ಅವರು ಅದನ್ನು ಯಾರಿಗೂ ಹೇಳದೆ ಮುಚ್ಚಿಟ್ಟರು. ಒಳಗೊಳಗೇ ಕೊರಗಿದರು. ಮತ್ತೆ ಅಳೆಯಲು ಸ್ಪೇನಿಗೆ ಹೋದವರು 1804ರಲ್ಲಿ ಜ್ವರ ಬಂದು ಅಲ್ಲೇ ತೀರಿಕೊಂಡರು. ಅವರ ಕಾಗದಪತ್ರ ನೋಡಿದ ಮೇಲೆಯೇ ದೆಲಾಂಬ್ರ್‌ಗೆ ವಿಷಯ ಗೊತ್ತಾಗಿದ್ದು.

ಇಷ್ಟಾಗಿ ಅವರ ಮೀಟರ್ ಅಂದುಕೊಂಡದ್ದಕ್ಕಿಂತ ಸುಮಾರು 0.2 ಮಿಲಿಮೀಟರ್ ಕಮ್ಮಿ ಬಂದಿತ್ತು. ಭೂಮಿ ಎಷ್ಟು ಚಪ್ಪಟೆ ಅನ್ನುವ ಲೆಕ್ಕ ಆಗ ಸರಿಯಾಗಿ ಗೊತ್ತಿರಲಿಲ್ಲ, ಮುಖ್ಯ ಕಾರಣ ಅದು. ಈಗ ಮೀಟರನ್ನು ಬೆಳಕಿನಿಂದ ಹೇಳುತ್ತಾರೆ. ಬೆಳಕು ಸೆಕೆಂಡಿನ 29,97,92,458ರಲ್ಲಿ ಒಂದು ಪಾಲು ಹೊತ್ತಿನಲ್ಲಿ ಹೋಗುವ ದೂರ. 1983ರಿಂದ ಹೀಗೆ. ಏಳನೇ ತರಗತಿಗೆ ಈ ಅಂಕಿ ಭಾರ ಆಗುತ್ತದೆ, ಬೋರ್ಡಿನ ಮೇಲೆ ಬರೆದು ಮುಂದೆ ಹೋಗುತ್ತೇನೆ. ಮೆಶೆಂ ಮಾತ್ರ ಅವರಿಗೆ ಮರೆಯುವುದಿಲ್ಲ. "ಪಾಪ, ಹೇಳಿಬಿಡಬೇಕಿತ್ತಲ್ರಿ ಸರ್" ಅನ್ನುತ್ತಾರೆ. ಆ ಮಾತು ಬರುವಾಗಲೆಲ್ಲ ನನಗೆ ಆ ರಬ್ಬರ್ ನೆನಪಾಗುತ್ತದೆ.

ಟೇಪಿನಿಂದ ಬಂದ "ಸೊನ್ನೆ ಎಲ್ಲೈತಿ?" ಅನ್ನುವ ಪ್ರಶ್ನೆ ನಮ್ಮ ತರಗತಿಯಲ್ಲಿ ಉಳಿದುಬಿಟ್ಟಿದೆ. ಮಳೆಗಾಲದಲ್ಲಿ ಮನೆಮನೆಯಲ್ಲೂ ಡ್ಯಾಮಿನ ಮಾತೇ. ಎಷ್ಟು ಅಡಿ ಆಯಿತು, ಎಷ್ಟು ಟಿಎಂಸಿ ಬಂತು ಅಂತ. ಒಬ್ಬ ಹುಡುಗ ಪೇಪರ್ ತಂದು ಕೇಳಿದ, "ಡ್ಯಾಮು ತುಂಬಿದ್ರ 1633 ಅಡಿ ಅಂತಾರ. ಅಷ್ಟು ಎತ್ತರ ಎಲ್ಲೈತ್ರಿ ಅದು? ಸೊನ್ನೆ ಎಲ್ಲಿಂದ ಹಿಡದಾರ?" ಅವನ ಅನುಮಾನ ಸರಿ ಇತ್ತು. ಅಣೆಕಟ್ಟಿನ ಎತ್ತರ ಸುಮಾರು 49 ಮೀಟರ್ ಮಾತ್ರ. 1633 ಅಡಿ, ಅಂದರೆ ಸುಮಾರು 498 ಮೀಟರ್, ಸಮುದ್ರ ಮಟ್ಟದಿಂದ ಹಿಡಿದ ಲೆಕ್ಕ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಲೀಟರಿಗೆ ತಿರುಗಿಸಿದರೆ ಸುಮಾರು 2,830 ಕೋಟಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ನೀರು ತರುವ ಎರಡು ಕೊಡದ ಹತ್ತಿರ ಹತ್ತಿರ. ಕೊಡದ ಲೆಕ್ಕ ಹೇಳಿದಾಗ ಹುಡುಗಿಯರ ಕಣ್ಣು ಅಗಲವಾದವು. ನೀರು ಹೊತ್ತವರಿಗೆ ಅದರ ಭಾರ ಗೊತ್ತಿರುತ್ತದೆ.

ಭತ್ತದ ವಿಷಯವೂ ಹೀಗೆ. ನಮ್ಮ ಕಡೆ ದರ ಹೇಳುವುದು 75 ಕೆಜಿ ಚೀಲಕ್ಕೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ. ನಾಲ್ಕು ಚೀಲ ಅಂದರೆ ಮೂರು ಕ್ವಿಂಟಲ್ ಅಂತ ಕಂಡುಕೊಂಡ ಮಕ್ಕಳು ಮನೆಗೆ ಹೋಗಿ ಅಪ್ಪನಿಗೆ ಲೆಕ್ಕ ತೋರಿಸಿದ್ದಾರೆ.

ಅಂದಹಾಗೆ, ಆ ಜೋಕಾಲಿಯ ಜಗಳಕ್ಕೂ ಉತ್ತರ ಸಿಕ್ಕಿತು. ಉದ್ದ ಅಷ್ಟೇ ಇಟ್ಟು ಸಣ್ಣ ಕಲ್ಲು, ದೊಡ್ಡ ಕಲ್ಲು ಬದಲಾಯಿಸಿದೆವು. ಹೊತ್ತು ಬದಲಾಗಲಿಲ್ಲ. ಭಾರದ ಪಾರ್ಟಿಯ ಹುಡುಗ ನಂಬಲಿಲ್ಲ, ಶಾಲೆಯ ಗೇಟಿನ ಬೀಗ ತಂದು ಕಟ್ಟಿ ನೋಡಿದ. ಅವನಿಗೂ ಅಷ್ಟೇ ಬಂತು. ಆಮೇಲೆ ಕಲ್ಲು ಅದೇ ಇಟ್ಟು ಸುತಳಿಯನ್ನು 25 ಸೆಂಟಿಮೀಟರ್ ಮಾಡಿದೆವು. 20 ಇದ್ದದ್ದು 10 ಆಯಿತು. ಉದ್ದ ಕಾಲು ಭಾಗ ಆದರೆ ಹೊತ್ತು ಅರ್ಧ ಆಗುತ್ತದೆ ಅಂತ ಮಕ್ಕಳೇ ಹೇಳಿದರು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಅನ್ನುವುದನ್ನು ನಾನು ಬಾಯಿಬಿಟ್ಟು ಹೇಳುವ ಪ್ರಸಂಗವೇ ಬರಲಿಲ್ಲ.

ಈ ವರ್ಷದ ಏಳನೇ ತರಗತಿ ಕಳೆದ ವಾರ 50 ಸೆಂಟಿಮೀಟರ್ ಸುತಳಿ ತೂಗಿತು. ಎಲ್ಲರಿಗೂ 14.2ರ ಹತ್ತಿರ ಬಂತು. ಒಂದು ಗುಂಪಿಗೆ ಮೂರು ಸಲವೂ 12.8. ನಾನು ಏನೂ ಹೇಳಲಿಲ್ಲ. ಮೊದಲು ಅವರು ಟೇಪಿನ ತುದಿ ನೋಡಿದರು, ಸರಿ ಇತ್ತು. ಸುತಳಿ ಮತ್ತೆ ಅಳೆದರು, ಸರಿ ಇತ್ತು. ಕಲ್ಲು ಬದಲಾಯಿಸಿದರು. ಮತ್ತೆ 12.8. ಗಂಟೆ ಹೊಡೆಯಿತು, ಹಾಗೇ ಬಿಟ್ಟು ಹೋದರು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಆ ಗುಂಪಿನ ಒಬ್ಬಳು ಪುಸ್ತಕ ಹಿಡಿದು ಬಂದಳು. 12.8 ಹಾಗೇ ಇತ್ತು, ಗೆರೆ ಕೂಡ ಹಾಕಿರಲಿಲ್ಲ. ಕೆಳಗೆ ನೀಲಿ ಪೆನ್ನಿನಲ್ಲಿ ಹೀಗೆ ಬರೆದಿದ್ದಳು: "ಕಲ್ಲು ಬಿಡುವಾಗಲೇ ಒಂದು ಅಂತ ಎಣಿಸಿದ್ದೆವು. ಸೊನ್ನೆ ಅಂತ ಶುರು ಮಾಡಬೇಕಿತ್ತು. ಇದು ಒಂಬತ್ತು ಸಲದ ಹೊತ್ತು."